ಮಾಳಿಗೆ ಸೋರುವವರೆಗೆ

ಯಾರ ಮನೆಗೆ ಹೋದರೂ ಅವರು ಮೊದಲು ತಲೆಯೆತ್ತಿ ಮೇಲೆ ನೋಡುತ್ತಿದ್ದರು. ಮನೆಯವರ ಮುಖ ಆಮೇಲೆ. ಚಾಪೆ ಹಾಸಿ ಕುಂದ್ರಿ ಎಂದವರು ಹಾಗೇ ನಿಂತಿರುತ್ತಿದ್ದರು. ಇವರ ಕಣ್ಣು ತೊಲೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಗಿ, ಜಂತಿಗಳನ್ನು ಒಂದೊಂದಾಗಿ ಸವರಿ, ಗವಾಕ್ಷಿಯ ಬೆಳಕಿಗೆ ಬಂದು ನಿಲ್ಲಬೇಕು. ಅದಾದ ಮೇಲೆಯೇ, "ಹ್ಞೂಂ, ಆರಾಮ ಅದೀರೇನ್ರಿ?"

ಅವರ ಅಕ್ಕನ ಮಗನಿಗೆ ಹೆಣ್ಣು ನೋಡಲು ಎಮ್ಮಿಗನೂರಿಗೆ ಹೋದಾಗಲೂ ಹೀಗೇ ಆಗಿತ್ತಂತೆ. ಹುಡುಗಿ ಬಂದು ಎಲ್ಲರಿಗೂ ನಮಸ್ಕಾರ ಮಾಡಿ, ಚಹಾ ಕೊಟ್ಟು ಒಳಗೆ ಹೋದಳು. ಹೊರಗೆ ಬಂದ ಮೇಲೆ ಅಕ್ಕ ಕೇಳಿದರು: "ಹೆಂಗದಾಳೋ?"

"ತೊಲಿ ಚೊಲೋ ಅದಾವಕ್ಕ. ಬೇವು. ಹುಳ ಹಿಡಿದಿಲ್ಲ."

"ಹುಡುಗೀನ ಕೇಳಿದ್ನೆಲೋ ನಾ!"

"ಮನಿ ಹಿಂಗ ಇಟ್ಕೊಂಡಾರ ಅಂದಮ್ಯಾಲ ಹುಡುಗೀನೂ ಚೊಲೋನ ಇರ್ತಾಳ, ತಗಾ."

ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ. ಆ ಮದುವೆ ಆಯಿತು, ಹುಡುಗಿ ನಿಜಕ್ಕೂ ಒಳ್ಳೆಯವಳೇ ಆಗಿದ್ದಳು. "ಅಕಿ ಕೆಟ್ಟಾಕಿ ಆಗಿದ್ರ ನಾನು ಬದುಕ್ತಿದ್ದೆ ನೋಡವಾ. ಆವತ್ತಿನಿಂದ ಇವರಿಗೆ ಹಿಡಿಯೋರೇ ಇಲ್ಲ" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಿಗವ್ವ. ಸಂಬಂಧಿಕರಲ್ಲ, ಪಕ್ಕದ ಮನೆಯವರು. ಮದುವೆಯಾಗಿ ಬಂದಾಗಿನಿಂದ ನಾನು ಅವರ ಗೋಡೆಯ ಈಚೆ ಇದ್ದವಳು. ಹೋದ ಕಾರ್ತೀಕದಲ್ಲಿ ಕಾಕಾ ತೀರಿಕೊಂಡರು. ಹೊಸಪೇಟೆಯ ಒಂದು ಬಾಡಿಗೆ ಮನೆಯಲ್ಲಿ, ಆರ್‌ಸಿಸಿ ಛಾವಣಿಯ ಕೆಳಗೆ. ಮಣ್ಣು ಕೊಟ್ಟು ಬಂದ ದಿನದಿಂದ ಮನಸ್ಸಿಗೆ ಒಂದು ಆಯಾಸ ಹತ್ತಿದೆ. ಅಳು ಅಲ್ಲ. ದೂರದ ಊರಿಗೆ ನಿಂತುಕೊಂಡೇ ಬಸ್ಸಿನಲ್ಲಿ ಹೋಗಿ ಬಂದ ಹಾಗೆ.

ಹೊಸಪೇಟೆ ಬಿಟ್ಟ ಮೇಲೆ ಡ್ಯಾಮಿನ ಹಿನ್ನೀರಿನ ದಂಡೆಗುಂಟ ಒಂದು ರಸ್ತೆ ಹೋಗುತ್ತದೆ. ನಮ್ಮದು ಆ ರಸ್ತೆಯ ಮೇಲಿನ ಸಣ್ಣ ಊರು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗುಡ್ಡ, ನಡುವೆ ರಸ್ತೆಗೆ ಮುಖ ಮಾಡಿಕೊಂಡು ಒಂದು ಸಾಲು ಹಳೆಯ ಮಾಳಿಗೆ ಮನೆಗಳಿದ್ದವು. ಕಲ್ಲು ಮಣ್ಣಿನ ದಪ್ಪ ಗೋಡೆ, ಮರದ ತೊಲೆ ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಬೇಸಿಗೆಯಲ್ಲಿ ಒಳಗೆ ಹೊಕ್ಕರೆ ತಣ್ಣೀರು ಮುಖಕ್ಕೆ ಚಿಮುಕಿಸಿದಂತಾಗುತ್ತಿತ್ತು. ಈಗ ಅಂಥವು ಬೆರಳೆಣಿಕೆಯಷ್ಟು ಉಳಿದಿವೆ.

ಕಾಕಾ ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿದ್ದವರು. ಕ್ವಾರ್ಟರ್ಸ್ ಸಿಗುತ್ತಿತ್ತು, ಬೇಡವೆಂದು ಈ ಬಾಡಿಗೆ ಮಾಳಿಗೆ ಹಿಡಿದರು. "ಅಲ್ಲಿ ತಲಿ ಎತ್ತಿದ್ರ ಸುಣ್ಣ ಕಾಣ್ತೈತಿ, ಮತ್ತೇನೂ ಕಾಣಂಗಿಲ್ಲ" ಎನ್ನುತ್ತಿದ್ದರು. ಅವರು ಹುಟ್ಟಿದ ಊರು ಡ್ಯಾಮಿನ ನೀರಿನಲ್ಲಿ ಮುಳುಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ದೂರದಲ್ಲಿ ಕಾಣುವ ಕಲ್ಲುಗಳನ್ನು ತೋರಿಸಿ, ಅದು ನಮ್ಮೂರಿನ ಅಗಸಿ ಬಾಗಿಲು ಎನ್ನುತ್ತಿದ್ದರು. ನಮಗೆ ಕಲ್ಲು ಮಾತ್ರ ಕಾಣುತ್ತಿತ್ತು.

ಹಿಟ್ಟಿನ ಗಿರಣಿಗೆ ಹೋಗುವಾಗ ಅವರ ಜೊತೆ ಬಿದ್ದರೆ ಮುಗಿಯಿತು. ಪ್ರತಿ ಮನೆಗೂ ನಿಲ್ಲಬೇಕು. ಮುಳುಗಡೆಯ ಕಾಲಕ್ಕೆ ಆ ಊರುಗಳ ಜನ ಮನೆ ಬಿಚ್ಚಿ, ತೊಲೆ, ಬಾಗಿಲು, ಹೊಸ್ತಿಲುಗಳನ್ನು ಎತ್ತಿನ ಗಾಡಿಗಳ ಮೇಲೆ ಹೇರಿಕೊಂಡು ಈ ರಸ್ತೆಯಲ್ಲೇ ಬಂದರಂತೆ. ನಮ್ಮ ಸಾಲಿನ ಅರ್ಧ ಮನೆಗಳು ಆ ಮರಗಳಲ್ಲೇ ಎದ್ದವು. ಯಾವ ಮನೆಯಲ್ಲಿ ಯಾವ ಊರಿನ ತೊಲೆಯಿದೆ ಎಂಬುದು ಅವರಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವರು ಹೇಳುತ್ತಿದ್ದರು. ಕೊನೆಯ ಮನೆಯವರು ಕಂಪ್ಲಿಯ ಕಡೆ ಹೊರಟಿದ್ದರಂತೆ. ಇಲ್ಲಿಗೆ ಬರುವಾಗ ಗಾಡಿಯ ಅಚ್ಚು ಮುರಿಯಿತು. ತೊಲೆ ಇಳಿಸಿದರು. ಇಳಿಸಿದ ತೊಲೆಯನ್ನು ಮತ್ತೆ ಏರಿಸುವ ಮನಸ್ಸಾಗದೆ ಅಲ್ಲೇ ಮನೆ ಕಟ್ಟಿದರು. ನನಗೆ ಈ ಕತೆ ಬಹಳ ಇಷ್ಟವಾಗಿತ್ತು. ಮರುವರ್ಷ ಅದೇ ಮನೆಯ ಮುಂದೆ ನಿಂತು, ಗಾಡಿಯ ಎತ್ತು ಸತ್ತಿತು ಎಂದರು.

ಚಿಗವ್ವನಿಗೆ ಬಂದು ಹೇಳಿದೆ.

"ಹ್ವಾದ ವರ್ಷ ಅಚ್ಚು ಮುರಿದಿತ್ತು, ಈ ವರ್ಷ ಎತ್ತು ಸತ್ತೈತಿ. ಮುಂದಿನ ವರ್ಷ ಗಾಡಿನ ಇರ್ಲಿಲ್ಲ ಅಂತಾರ, ನೋಡ್ತಿರು" ಎಂದರು ಚಿಗವ್ವ. "ಏಳು ವರ್ಷದ ಹುಡುಗ ಇದ್ರು ಆಗ. ಏಳು ವರ್ಷದ ಹುಡುಗ ತೊಲಿ ನೋಡ್ಕೊಂತ ನಿಂತಿದ್ನಂತ!"

ಒಳಗಿನಿಂದ ಕಾಕಾ ಕೂಗಿದರು: "ಅಚ್ಚೂ ಮುರಿದಿತ್ತು, ಎತ್ತೂ ಸತ್ತಿತ್ತು. ಒಂದ ದಿನ ಎರಡೂ ಆಗಬಾರ್ದಂತೇನು?"

ಒಮ್ಮೆ ಎಮ್ಮಿಗನೂರಿನ ಬೀಗರು ಬಂದಾಗ ಹಂಪಿ ತೋರಿಸಲು ಎಲ್ಲರೂ ಹೋದೆವು. ಕಾಕಾ ಬರುವುದಿಲ್ಲ ಎಂದರು, ಚಿಗವ್ವ ಎಳೆದುಕೊಂಡು ಬಂದರು. ಬೀಗರು ಬಾಯಿ ತೆರೆದು ನೋಡುತ್ತಿದ್ದರೆ ಇವರು ಒಂದು ಬೋಳು ಮಂಟಪದ ಕೆಳಗೆ ಕುಳಿತು ಮೇಲೆ ನೋಡಿದರು. ಆಮೇಲೆ ಬೀಗರಿಗೆ ತಿಳಿಸಿ ಹೇಳಿದರು: "ಮ್ಯಾಲ ಯಾರೂ ಸವಳು ಹಾಕ್ಲಿಲ್ಲ ನೋಡ್ರಿ. ಅದಕ್ಕ ಹಿಂಗಾತು."

ಅಷ್ಟು ದೊಡ್ಡ ರಾಜ್ಯ ಹಾಳಾದದ್ದಕ್ಕೆ ಅವರು ಕೊಟ್ಟ ಕಾರಣ ಇದೊಂದೇ.

ಸವಳು ಎಂದರೆ ಉಪ್ಪಿನ ಅಂಶವಿರುವ ಒಂದು ಬಗೆಯ ಬಿಳಿಮಣ್ಣು. ಮಳೆಗಾಲಕ್ಕೆ ಮುಂಚೆ ಅದನ್ನು ತಂದು ಮಾಳಿಗೆಯ ಮೇಲೆ ಹರಡುತ್ತಾರೆ. ಮೊದಲ ಮಳೆ ಬಿದ್ದಾಗ ಅದು ಬಿಗಿದುಕೊಂಡು ಕುಳಿತುಬಿಡುತ್ತದೆ, ಆಮೇಲೆ ನೀರನ್ನು ಕೆಳಗೆ ಬಿಡುವುದಿಲ್ಲ. ಬೇರೆ ಮಣ್ಣು ಹಾಕಿದರೆ ನೀರು ಕುಡಿಯುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಊರ ಹೊರಗಿನ ಹಳ್ಳದ ಪಕ್ಕ ಸವಳಿನ ನೆಲವಿತ್ತು. ಬೇಸಿಗೆಯ ಕೊನೆಗೆ ಸಾಲಿನವರೆಲ್ಲ ಅಲ್ಲಿಂದಲೇ ಹೊತ್ತು ತರುತ್ತಿದ್ದರು. ಕಾಕಾ ಎಲ್ಲರಿಗಿಂತ ಮೊದಲು ಹೋಗುತ್ತಿದ್ದರು. ಅದಕ್ಕೆ ಕಾರಣವಿತ್ತು.

ಅವರ ಮನೆಯ ಮಾಲೀಕರು ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ನಡೆಸುವವರು. ಹಿರಿಯ ಸಾವ್ಕಾರ್ರು ಬದುಕಿದ್ದಾಗ ಕಾಕಾನಿಗೆ ಒಂದು ಮಾತು ಕೊಟ್ಟಿದ್ದರು: "ಮಾಳಿಗಿ ಸೋರೋತನಕ ಮನಿ ನಿಮ್ದು. ಸೋರಿತು ಅಂದ್ರ ನಾವು ಕೆಡವ್ತೀವಿ, ರಿಪೇರಿ ಮಾಡ್ಸಂಗಿಲ್ಲ." ಬರಹವಿಲ್ಲ, ಸಾಕ್ಷಿಯಿಲ್ಲ, ಕಟ್ಟೆಯ ಮೇಲೆ ಕುಳಿತು ಆಡಿದ ಮಾತು. ಅವರು ಹೋದ ಮೇಲೆ ಮಗ ಆ ಮಾತನ್ನು ಹಾಗೇ ಉಳಿಸಿಕೊಂಡರು. ಕೆಟ್ಟವರಲ್ಲ. ಆದರೆ ಅಷ್ಟರಲ್ಲಿ ರಸ್ತೆಯ ಬದಿಯ ಜಾಗಕ್ಕೆ ಚಿನ್ನದ ಬೆಲೆ ಬಂದಿತ್ತು. ಪ್ರತಿ ಮಳೆಗಾಲದಲ್ಲಿ ಒಂದು ದೊಡ್ಡ ಮಳೆ ಆದ ಮರುದಿನ ಕಾರಿನಲ್ಲಿ ಬಂದು, ಚಪ್ಪಲಿ ಬಿಟ್ಟು ಒಳಗೆ ಹೋಗಿ ಮೇಲೆ ನೋಡುತ್ತಿದ್ದರು. ಅವರ ಪಕ್ಕದಲ್ಲಿ ಕಾಕಾ ಕೂಡ ಮೇಲೆ ನೋಡುತ್ತ ನಿಲ್ಲುತ್ತಿದ್ದರು.

"ಎಲ್ಲೂ ಹನಿ ಇಲ್ಲ ಅಲ್ರಿ ಕಾಕಾ?"

"ನೀವ ನೋಡ್ರಿ ಸಾವ್ಕಾರ್ರ. ಕೈ ಇಟ್ಟು ನೋಡ್ರಿ."

"ಆತು ಬಿಡ್ರಿ. ಮುಂದಿನ ವರ್ಷ ಬರ್ತೀನಿ."

ಚಿಗವ್ವ ಚಹಾ ಕೊಡುತ್ತಿದ್ದರು. ಅವರು ಕುಡಿದು ಹೋಗುತ್ತಿದ್ದರು.

ಅದು ಗುಡ್ಡಗಳನ್ನು ಅಗೆದು ಬಂದರಿಗೆ ಸಾಗಿಸುತ್ತಿದ್ದ ಕಾಲ. ಸಂಡೂರಿನ ಕಡೆಯಿಂದ ಬರುವ ಅದಿರಿನ ಲಾರಿಗಳು ನಮ್ಮ ಮನೆಗಳ ಮುಂದೆ ಹಗಲೆಲ್ಲ ಸಾಲುಗಟ್ಟಿ ನಿಂತಿರುತ್ತಿದ್ದವು. ನನ್ನ ಯಜಮಾನರೂ ಟಿಪ್ಪರ್ ಓಡಿಸುತ್ತಿದ್ದರು, ಬಂದರಿಗೆ ಹೋದರೆ ಎಂದು ಬರುತ್ತಾರೋ ಹೇಳಲಾಗುತ್ತಿರಲಿಲ್ಲ. ನಮ್ಮ ಮನೆಗೆ ಟಿ.ವಿ., ಫ್ರಿಜ್ಜು ಬಂದದ್ದು ಆಗಲೇ. ಎಲ್ಲದರ ಮೇಲೂ ಕೆಂಪು ಧೂಳು ಕುಳಿತಿರುತ್ತಿತ್ತು. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಬಿಳಿ ಬಟ್ಟೆ ತರಬೇಡಿ ಎಂದು ಗಿರಾಕಿಗಳಿಗೆ ಹೇಳಿಬಿಟ್ಟಿದ್ದೆ. ಒಗೆದು ಹಾಕಿದ್ದು ಒಣಗುವಷ್ಟರಲ್ಲಿ ಮತ್ತೆ ಒಗೆಯುವಂತಾಗುತ್ತಿತ್ತು. ಕೆಮ್ಮಿಲ್ಲದ ಮನೆಯಿರಲಿಲ್ಲ.

ಸಾಲಿನ ಮನೆಗಳು ಒಂದೊಂದಾಗಿ ಹೋದವು. ಒಂದು ಪಂಕ್ಚರ್ ಅಂಗಡಿಯಾಯಿತು, ಒಂದು ಢಾಬಾ, ಒಂದು ಗ್ಯಾರೇಜು. ಅಚ್ಚು ಮುರಿದ ಮನೆ ಲೋಡಿಂಗಿನವರ ಆಫೀಸಾಯಿತು. ಮಾರಿದವರನ್ನು ಅನ್ನುವ ಹಾಗಿಲ್ಲ. ಅವರಿಗೆ ಹುಟ್ಟಿದಾರಭ್ಯ ಅಂಥ ಬೆಲೆ ಯಾರೂ ಹೇಳಿರಲಿಲ್ಲ. ನಾವೂ ನಮ್ಮ ಮಾಳಿಗೆಯ ಮಣ್ಣಿನ ಮೇಲೆ ತಗಡು ಹೊದಿಸಿದೆವು. ಕಾಕಾ ಅಂಗಳದಲ್ಲಿ ನಿಂತು ನೋಡಿ, "ಏನವಾ, ಮಾಳಿಗಿಗೆ ಟೊಪ್ಪಿಗಿ ಹಾಕ್ಸಿದ್ಯಾ?" ಎಂದರು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ಬಂದು, ಬ್ಲೌಸಿನ ಬಟ್ಟೆ ತಂದಿದ್ದ ಹೆಂಗಸರೆದುರಿಗೆ, ತಗಡಿನ ಮೇಲೆ ಮಳೆ ಬಿದ್ದರೆ ಮಾತು ಕೇಳಿಸುವುದಿಲ್ಲ, ಗಂಡ ಹೆಂಡಿರ ಜಗಳ ಕಡಿಮೆಯಾಗುತ್ತದೆ ಎಂದು ನಗಿಸಿ ಹೋದರು.

ನಮ್ಮ ಮನೆ, ಅವರ ಮನೆ ಹಿಂದೆ ಒಂದೇ ಇದ್ದವಂತೆ. ಹಿಂದಿನ ಮಾಲೀಕರಾದ ಅಣ್ಣ ತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎಬ್ಬಿಸಿದರು. ಆದರೆ ನಡುಮನೆಯ ದೊಡ್ಡ ತೊಲೆ ಒಂದೇ. ಅದು ಅವರ ಮನೆಯಲ್ಲಿ ಶುರುವಾಗಿ, ಗೋಡೆಯೊಳಗೆ ತೂರಿ, ನಮ್ಮ ಮನೆಯಲ್ಲಿ ಮುಗಿಯುತ್ತಿತ್ತು. "ಗ್ವಾಡಿ ಪಾಲಾತು, ತೊಲಿ ಪಾಲಾಗ್ಲಿಲ್ಲ" ಎಂದು ಕಾಕಾ ಹೇಳುತ್ತಿದ್ದರು. ಅದು ತೇಗ ಎಂದು ಅವರ ವಾದ. ಆ ಗೋಡೆಗೆ ಆತುಕೊಂಡು, ಸರಿಯಾಗಿ ತೊಲೆಯ ಕೆಳಗೇ ನನ್ನ ಹೊಲಿಗೆ ಯಂತ್ರ ಇರುತ್ತಿತ್ತು. ಕಿಟಕಿಯ ಬೆಳಕು ಬೀಳುವುದು ಅಲ್ಲಿಯೇ.

ಒಂದು ಬೇಸಿಗೆಯಲ್ಲಿ ಕಾಕಾ ಸವಳಿಗೆಂದು ಗಾಡಿ ಹೊಡೆದುಕೊಂಡು ಹೋದವರು ಖಾಲಿ ಗಾಡಿ ತಂದರು. ಹಳ್ಳದ ಪಕ್ಕದ ಆ ನೆಲಕ್ಕೆ ತಂತಿಬೇಲಿ ಬಿದ್ದಿತ್ತು. ಅದಿರು ಸುರಿಯಲು ಯಾರೋ ಕೊಂಡಿದ್ದರು. ಒಳಗೆ ಸವಳು ಕಾಣದ ಹಾಗೆ ಕೆಂಪು ಗುಡ್ಡೆಗಳು ಎದ್ದಿದ್ದವಂತೆ.

ಕಾಕಾ ಕಟ್ಟೆಯ ಮೇಲೆ ಕುಳಿತರು. ಚಿಗವ್ವ ನೀರು ತಂದುಕೊಟ್ಟು, "ಬ್ಯಾರೆ ಕಡೆ ಸಿಗ್ತೈತಿ ತಗೋರಿ" ಎಂದರು. ಹತ್ತಾರು ಕಡೆ ಕೇಳಿದರು. ಪಾಪಿನಾಯಕನಹಳ್ಳಿಯ ತನಕ ಹೋಗಿ ಬಂದರು. ಸವಳು ಇದ್ದಲ್ಲಿ ಕೊಡುವವರಿರಲಿಲ್ಲ, ಕೊಡುವವರ ಹತ್ತಿರ ಸವಳಿರಲಿಲ್ಲ. ಮಾಳಿಗೆಯ ಮೇಲಿನ ಹಳೆಯ ಪದರನ್ನು ಅವರು ಆಗಲೇ ಕೆರೆದು ತೆಗೆದಾಗಿತ್ತು. ಆಕಾಶದಲ್ಲಿ ಮೋಡ ಕಟ್ಟಲು ಶುರುವಾಗಿತ್ತು.

ನಮ್ಮ ಮನೆಗಳ ಮುಂದೆ ರಸ್ತೆ ತಿರುಗುತ್ತದೆ. ತುಂಬಿದ ಲಾರಿಗಳು ಅಲ್ಲಿ ವಾಲುವಾಗ ಅದಿರಿನ ಪುಡಿ ಚೆಲ್ಲಿ ರಸ್ತೆಯ ಅಂಚಿಗೆ ಬದುವಿನ ಹಾಗೆ ಕೂಡಿಕೊಂಡಿತ್ತು. ಅರಿಸಿನ ಕುಂಕುಮದಷ್ಟು ನುಣುಪು. ಒಂದು ಬೆಳಿಗ್ಗೆ ಕಾಕಾ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಕೈಯಲ್ಲಿ ಒಂದು ಲೋಟ ನೀರು. ಪುಡಿಯನ್ನು ಅಂಗೈಯಿಂದ ತಟ್ಟಿ ಗಟ್ಟಿ ಮಾಡಿ, ಅದರ ಮೇಲೆ ನೀರು ಸುರಿದು ನೋಡುತ್ತಿದ್ದರು. ನನ್ನನ್ನು ಕರೆದರು.

"ಬಾರವಾ ಇಲ್ಲಿ. ನೀರು ಇಳೀತೈತೇನು ನೋಡು."

ನೀರು ಇಳಿಯಲಿಲ್ಲ. ಮೇಲೆಯೇ ನಿಂತು ಬದಿಗೆ ಜಾರಿತು.

"ನಮ್ಮ ಗುಡ್ಡದ ಮಣ್ಣಿದು. ನಮ್ಮ ಮನಿ ಮ್ಯಾಲ ಇರ್ಲಾಕ ಏನ್ ಧಾಡಿ ಇದಕ್ಕ?" ಎಂದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ಗೆಲುವು ಕಂಡೆ.

ಎರಡು ದಿನ ಹೊತ್ತರು. ಚಿಗವ್ವ ಕೆಳಗಿನಿಂದ ಬುಟ್ಟಿ ಎತ್ತಿ ಕೊಡಲು ಹೋಗಿ, ಎತ್ತಲಾಗದೆ ಕುಳಿತುಬಿಟ್ಟರು. "ಯವ್ವ ಯವ್ವ, ಇದೇನು ಮಣ್ಣೋ ಗುಂಡುಕಲ್ಲೋ? ಅರ್ಧ ಬುಟ್ಟಿ ತುಂಬ್ರಿ ಅಂದ್ರ ಕೇಳಂಗಿಲ್ಲ ಇವ್ರು."

ಮೇಲಿನಿಂದ ಕಾಕಾ, "ಭಾರ ಇದ್ರ ಗಾಳಿಗೆ ಹಾರಂಗಿಲ್ಲ ನೋಡು!" ಎಂದರು.

ತಲೆಯೆತ್ತಿ ಮನೆಗಳನ್ನು ನೋಡುತ್ತಲೇ ಬದುಕಿದ ಮನುಷ್ಯನಿಗೆ ಆ ಬುಟ್ಟಿಯ ಭಾರ ಯಾಕೆ ತಿಳಿಯಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವರ ಲಕ್ಷ್ಯವೆಲ್ಲ ಸೋರುವುದರ ಮೇಲಿತ್ತು. ಆ ಮಾತಿನ ಕೆಳಗೆ ಅಷ್ಟು ವರ್ಷ ಬದುಕಿ, ಮನೆಗೆ ಇನ್ನೊಂದು ಅಪಾಯ ಇರಬಹುದು ಎಂಬುದೇ ಅವರಿಗೆ ಮರೆತಿರಬೇಕು.

ಮಳೆ ಬಂತು, ದೊಡ್ಡದಾಗಿಯೇ ಬಂತು. ಒಂದು ಹನಿ ಒಳಗೆ ಬೀಳಲಿಲ್ಲ. ಮಾಳಿಗೆಯ ನೀರು ಹರಿಯುವ ದೋಣಿಯಿಂದ ರಕ್ತದಂಥ ನೀರು ಅಂಗಳಕ್ಕೆ ಧುಮುಕಿತು. ಮರುದಿನ ಸಾವ್ಕಾರ್ರು ಬಂದರು, ಮೇಲೆ ನೋಡಿದರು, ಚಹಾ ಕುಡಿದರು, ಹೋದರು. ಕಾಕಾ ಆ ದಿನ ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದು ನಮಗೂ ಕೊಟ್ಟರು.

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಹೊಲಿಯುತ್ತಿದ್ದಾಗ ಬಟ್ಟೆಯ ಮೇಲೆ ಮರದ ಪುಡಿ ಉದುರಿತು. ಝಾಡಿಸಿದೆ, ಮತ್ತೆ ಉದುರಿತು. ಯಂತ್ರ ನಿಲ್ಲಿಸಿದಾಗ ಮೇಲಿನಿಂದ ಒಂದು ಸದ್ದು ಕೇಳಿತು, ಯಾರೋ ಬೆರಳ ನೆಟಿಗೆ ಮುರಿದ ಹಾಗೆ. ಆಚೆ ಮನೆಗೆ ಹೋದೆ. ಚಿಗವ್ವ ನಡುಮನೆಯ ಬಾಗಿಲಿನ ಜೊತೆ ಗುದ್ದಾಡುತ್ತಿದ್ದರು.

"ಮಳಿಗೆ ಉಬ್ಬೈತಿ ಅನಸ್ತೈತಿ. ಹಾಕಾಕ ಬರವಲ್ದು" ಎಂದರು.

ಕಾಕಾ ಎದ್ದು ಬಂದರು. ಬಾಗಿಲನ್ನು ಮುಟ್ಟಲಿಲ್ಲ. ಚೌಕಟ್ಟಿನ ಮೇಲ್ಪಟ್ಟಿಯನ್ನು ನೋಡಿದರು, ಅಲ್ಲಿಂದ ಮೇಲೆ ತೊಲೆಯನ್ನು ನೋಡಿದರು. ತೊಲೆ ನಡುವೆ ಬಗ್ಗಿ, ಬಾಗಿಲ ಚೌಕಟ್ಟಿನ ಮೇಲೆ ಕುಳಿತಿತ್ತು. ಅವರು ಅಷ್ಟು ಹೊತ್ತು ಮೇಲೆ ನೋಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ನಿನ್ನ ಮಷೀನು ಈಗೂ ಅಲ್ಲೇ ಐತೇನವಾ, ತೊಲಿ ಬುಡಕ?"

"ಹೂಂ ಕಾಕಾ."

"ಅದನ್ನ ಸರಿಸು. ಈಗ ಸರಿಸು. ಹೋಗು."

ಆ ಸಂಜೆ ನನ್ನ ಯಜಮಾನರು ಬಂದರಿನಿಂದ ಬಂದರು. ವಿಷಯ ಕೇಳಿ, ಕೈಕಾಲು ಸಹ ತೊಳೆಯದೆ ಆಚೆ ಮನೆಗೆ ಹೋದರು. "ಕಾಕಾ, ಇದೇನ್ ಮಾಡ್ಕೊಂಡ್ರಿ? ಅದು ಮಣ್ಣಲ್ರಿ, ಕಬ್ಬಿಣ. ಲೋಡ್ ಜಾಸ್ತಿ ಆದ್ರ ನಮ್ಮ ಗಾಡಿ ಟೈರ್ ಸಿಡೀತಾವ."

"ಗೊತ್ತಾತಪಾ" ಎಂದರು ಕಾಕಾ.

ತೆಗೆಯಬೇಕು, ಬೇರೆ ದಾರಿಯಿಲ್ಲ. ತೆಗೆದರೆ ಹಲಗೆಯ ಮೇಲೆ ತೆಳ್ಳಗಿನ ಹಳೆ ಮಣ್ಣು ಬಿಟ್ಟು ಇನ್ನೇನೂ ಇಲ್ಲ, ಮಳೆಗಾಲ ಅರ್ಧ ಉಳಿದಿದೆ. ಇದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ನಮ್ಮ ಯಜಮಾನರು ಹೇಳಿದರು: "ನಮ್ಮ ಗಾಡಿದು ತಾಡಪತ್ರಿ ಕೊಡ್ತೀನಿ. ಮ್ಯಾಲ ಹೊದಿಸಿಬಿಡೂಣು. ಸಾವ್ಕಾರ್ರು ಒಳಗ ನಿಂತು ನೋಡ್ತಾರ, ಮಾಳಿಗಿ ಹತ್ತಿ ನೋಡ್ತಾರೇನು?"

ಚಿಗವ್ವ ಕೂಡಲೇ, "ಹೌದ್ರಿ, ಹಂಗ ಮಾಡ್ರಿ" ಎಂದರು.

ಕಾಕಾ ತಲೆಯಾಡಿಸಿದರು. "ತಾಡಪತ್ರಿ ಹೊದಿಸಿದ್ರ ಸೋರಂಗಿಲ್ಲ, ಖರೆ. ಆದ್ರ ಅದು ಸೋರದಂಗ ನೋಡ್ಕೊಂಡಂಗಲ್ಲ. ಸೋರೂದನ್ನ ಮುಚ್ಚಿಟ್ಟಂಗ."

"ಯಾರಿಗೆ ಗೊತ್ತಾಗ್ತೈತ್ರೀ?"

"ನನಗ."

ಚಿಗವ್ವನಿಗೆ ಸಿಟ್ಟು ಬಂತು. "ಇವ್ರೊಬ್ಬರ ಹರಿಶ್ಚಂದ್ರ! ಊರೆಲ್ಲ ಗುಡ್ಡ ನುಂಗಿ ನೀರು ಕುಡೀತು, ನಮಗೊಂದು ತಾಡಪತ್ರಿ ಹೆಚ್ಚಾತು!"

ಕಾಕಾ ಆಗ ತಮ್ಮ ತಂದೆಯ ಸುದ್ದಿ ಹೇಳಿದರು. ಅದಕ್ಕೆ ಮುಂಚೆ ಅವರು ಊರಿನ ತೊಲೆ ಬಾಗಿಲುಗಳ ಸುದ್ದಿ ಹೇಳಿದ್ದರೇ ಹೊರತು ಮನುಷ್ಯರದನ್ನು ಹೇಳಿರಲಿಲ್ಲ. ಊರು ಬಿಡಿ ಎಂದು ಡಂಗುರ ಸಾರಿದರೂ ಅವರ ತಂದೆ ಬಿಡಲಿಲ್ಲವಂತೆ. ಇಲ್ಲಿಯವರೆಗೆ ನೀರು ಬರುವುದಿಲ್ಲ ಎಂದರು. ಹಿತ್ತಲಿಗೆ ನೀರು ಬಂದ ಮೇಲೂ, ಇದು ಮಳೆಯ ನೀರು ಎಂದರು. ಕೊನೆಗೆ ತಾಯಿ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಎದೆಯುದ್ದ ನೀರಿನಲ್ಲಿ ನಡೆದರು, ತಂದೆ ಬರಿಗೈಯಲ್ಲಿ ಹಿಂದೆ ಬಂದರು. ಬೇರೆಯವರಂತೆ ತೊಲೆ ಬಾಗಿಲು ಬಿಚ್ಚಿಕೊಳ್ಳಲು ಅವರಿಗೆ ಹೊತ್ತೇ ಉಳಿದಿರಲಿಲ್ಲ.

"ನಮ್ಮಪ್ಪಗ ನೀರು ಬಂದದ್ದು ಕಾಣ್ತಿತ್ತು. ಒಪ್ಕೊಳ್ಲಿಲ್ಲ, ಅಷ್ಟ" ಎಂದರು. "ನಾ ಹಂಗ ಮಾಡಂಗಿಲ್ಲ. ಬಗ್ಗಿದ ತೊಲಿ ಭಾಳ ದಿನ ನಿಲ್ಲಂಗಿಲ್ಲ. ಆಚೆ ಕಡೆ ಈ ಹುಡುಗಿ ಕುಂದ್ರತೈತಿ."

ಮರುದಿನ ಮಳೆಯಲ್ಲೇ ತೆಗೆದೆವು. ನಮ್ಮ ಯಜಮಾನರು, ಗ್ಯಾರೇಜಿನವರು, ಢಾಬಾದವರು ಎಲ್ಲರೂ ಮೇಲೆ ಹತ್ತಿದರು. ಹಸಿಯಾದ ಅದಿರು ಇನ್ನೂ ಭಾರವಾಗಿತ್ತು. ಕೆಳಗೆ ಅಂಗಳದಲ್ಲಿ ಕೆಂಪು ಗುಡ್ಡೆ ಬಿತ್ತು. ರಸ್ತೆಯಲ್ಲಿ ನಿಂತಿದ್ದ ಲಾರಿಯ ಡ್ರೈವರೊಬ್ಬ ಇಳಿದು ಬಂದು, ಗುಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ ಕೇಳಿದ: "ಫೈನ್ಸ್ ಚಲೋ ಐತ್ರಿ, ನುಣ್ಣನ ಪುಡಿ. ಹೆಂಗ ಕೊಡ್ತೀರಿ?"

ಚಿಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಮ್ಮ ಮನಿ ತಿಂದ ಮಣ್ಣಪಾ ಅದು. ಪುಕ್ಕಟ ಒಯ್ಯಿ. ಒಯ್ದು ಸಮುದ್ರದಾಗ ಹಾಕು."

ಮಳೆಯಲ್ಲಿ ನೆನೆಯುತ್ತಿದ್ದ ಎಲ್ಲರೂ ನಕ್ಕರು. ಕಾಕಾ ಕೂಡ ಮಾಳಿಗೆಯ ಅಂಚಿನ ಕುಂಬಿಯ ಮೇಲೆ ಕುಳಿತು ನಕ್ಕರು.

ಮಧ್ಯಾಹ್ನಕ್ಕೆ ಒಳಗೆ ಮೊದಲ ಹನಿ ಬಿತ್ತು. ಚಿಗವ್ವ ಅದರ ಕೆಳಗೆ ಹಿತ್ತಾಳೆಯ ಕೊಳಗ ಇಟ್ಟರು. ಆಮೇಲೆ ಇನ್ನೊಂದು ಕಡೆ ಬಿತ್ತು, ಅಲ್ಲಿಗೆ ಪರಾತ. ಕಾಕಾ ತಲೆ ಒರೆಸಿಕೊಂಡು ಪಂಚೆ ಬದಲಾಯಿಸಿ, ನಮ್ಮ ಮನೆಗೆ ಬಂದು ಫೋನು ಕೇಳಿದರು. ನಾನೇ ನಂಬರು ಒತ್ತಿ ಕೊಟ್ಟೆ.

"ಸಾವ್ಕಾರ್ರ, ನಾನ್ರಿ. ಮಾಳಿಗಿ ಸೋರಾಕತ್ತೈತಿ. ಯಾವಾಗ ಬಿಡಬೇಕು ಹೇಳ್ರಿ."

ಆಚೆಯಿಂದ ಅವರು ಏನೋ ಹೇಳಿದರು. ಕಾಕಾ, "ಇಲ್ರಿ, ಮಾತು ಮಾತ" ಎಂದು ಫೋನು ಇಟ್ಟರು. ಮಳೆಗಾಲ ಮುಗಿಯುವವರೆಗೆ ಇರಿ, ಮುಂದೆ ನೋಡೋಣ ಎಂದಿದ್ದರಂತೆ. ದಸರೆಯ ಹೊತ್ತಿಗೆ ಕಾಕಾ ಚಿಗವ್ವ ಹೊಸಪೇಟೆಗೆ ಹೋದರು.

ಮನೆ ಕೆಡವಿದ ದಿನ ಕಾಕಾ ಬರಲಿಲ್ಲ. ತೊಲೆಯನ್ನು ನಮ್ಮ ಗೋಡೆಯ ಹತ್ತಿರ ಗರಗಸದಲ್ಲಿ ಕೊಯ್ದರು. ನಮ್ಮ ಕಡೆಯ ತುಂಡು ನಮ್ಮ ಮಾಳಿಗೆಯನ್ನು ಹೊತ್ತುಕೊಂಡು ಹಾಗೇ ಉಳಿಯಿತು. ಸಂಜೆ ಫೋನಿನಲ್ಲಿ ಕಾಕಾ ಕೇಳಿದ್ದು ಒಂದೇ: "ಕೊಯ್ದಾಗ ನೋಡಿದೇನು? ತೇಗ ಹೌದಲ್ಲ?"

"ಕೊಯ್ಯೋರು ಮತ್ತಿ ಮರ ಅಂದ್ರು ಕಾಕಾ."

"ಮತ್ತಿ ಇದ್ದಿದ್ದಕ್ಕ ತಡಕೊಂತು ನೋಡು" ಎಂದರು.

ಹೊಸಪೇಟೆಯ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಸಣ್ಣ ಎರಡು ಕೋಣೆ, ಸ್ವಚ್ಛ, ಧೂಳು ಕಡಿಮೆ. ಚಿಗವ್ವನಿಗೆ ನಲ್ಲಿಯ ನೀರು ಮನೆಯೊಳಗೇ ಬರುವುದು ಬಹಳ ಹಿಡಿಸಿತ್ತು. ಕಾಕಾ ಕುರ್ಚಿಯ ಮೇಲೆ ಕುಳಿತಿರುತ್ತಿದ್ದರು. ಒಳಗೆ ಬಂದವರ ಮುಖವನ್ನು ಈಗ ನೇರವಾಗಿ ನೋಡುತ್ತಿದ್ದರು. ಒಂದು ಸಲ ಅಲ್ಲಿದ್ದಾಗಲೇ ಜೋರು ಮಳೆ ಬಂದು ನಿಂತಿತ್ತು. ನಾನು ಹೊರಗೆ ಬಂದು, ಅಯ್ಯೋ ಮಳೆ ಬಂದಿತ್ತಲ್ಲ ಕಾಕಾ ಎಂದೆ. "ಇಲ್ಲಿ ಗೊತ್ತಾಗಂಗಿಲ್ಲವಾ" ಎಂದರು. ಎದೆಯ ಬೇನೆ ಮೊದಲಿನಿಂದಲೂ ಇತ್ತು. ಚಳಿ ಶುರುವಾದಾಗ ಹೆಚ್ಚಾಯಿತು. ಹೆಚ್ಚು ದಿನ ಹಾಸಿಗೆ ಹಿಡಿಯಲಿಲ್ಲ.

ಅವರ ಮನೆಯ ಜಾಗ ಈಗ ಲಾರಿ ನಿಲ್ಲಿಸುವ ಬಯಲು. ನಡುವಿನ ಗೋಡೆ ಈಗ ನಮ್ಮ ಮನೆಯ ಹೊರಗೋಡೆ. ಅವರ ಒಳಮನೆಯ ಭಾಗ ಬಯಲಿಗೆ ಮುಖ ಮಾಡಿ ನಿಂತಿತ್ತು. ಚಿಗವ್ವನ ಒಲೆಯ ಮಸಿ ಅಡ್ಡಡ್ಡ ಬಳಿದಂತಿತ್ತು. ದೇವರ ಪಟಗಳಿಗೆ ಹೊಡೆದ ಮೊಳೆಗಳು, ದೀಪವಿಡುತ್ತಿದ್ದ ಒಂದು ಗೂಡು. ಗೂಡಿನೊಳಗೆ ಎಣ್ಣೆಯ ಜಿಡ್ಡು. ಮಣ್ಣಿನ ಗೋಡೆ ಮಳೆಗೆ ಕರಗಬಾರದೆಂದು ಒಂದೆರಡು ಮಳೆಗಾಲ ತಾಡಪತ್ರಿ ಇಳಿಬಿಟ್ಟು ಕಾಪಾಡಿದೆವು. ಆದರೂ ಬುಡದಲ್ಲಿ ಕೊರೆಯತೊಡಗಿತ್ತು. ಸಿಮೆಂಟು ಮಾಡಿಸೋಣ ಎಂದು ಯಜಮಾನರು ಹೇಳಿದಾಗಲೆಲ್ಲ ನಾನು ಮುಂದಕ್ಕೆ ಹಾಕುತ್ತಿದ್ದೆ. ಕಾಕಾ ಹೋದ ಮೇಲಂತೂ ಆ ಮಾತೇ ಬೇಡವಾಗಿತ್ತು.

ಈ ಬೇಸಿಗೆಯಲ್ಲಿ ಚಿಗವ್ವ ಒಬ್ಬರೇ ಬಸ್ಸಿನಲ್ಲಿ ಬಂದರು. ಊಟ ಮಾಡಿ, "ನಡಿ, ನಮ್ಮ ಗ್ವಾಡಿ ನೋಡೂಣು" ಎಂದರು. ಲಾರಿಗಳ ನಡುವೆ ಸೆರಗು ಒತ್ತಿಕೊಂಡು ಹೋದೆವು. ಯಾರೋ ಡ್ರೈವರು ದೀಪದ ಗೂಡಿನಲ್ಲಿ ಹಲ್ಲುಜ್ಜುವ ಬ್ರಷ್ಷು, ಸಾಬೂನು ಇಟ್ಟುಕೊಂಡಿದ್ದ. ನನಗೆ ಸಿಟ್ಟು ಬಂದು ತೆಗೆಯಲು ಹೋದೆ.

"ಇರ್ಲಿ ಬಿಡು" ಎಂದರು ಚಿಗವ್ವ. "ನಾವೂ ಬಾಡಿಗಿಯವ್ರ ಇದ್ವಿ."

ಗೋಡೆಯ ಬುಡವನ್ನು ಬಗ್ಗಿ ನೋಡಿದರು. ಕೊರೆದಲ್ಲಿ ಬೆರಳು ಹಾಕಿದರು, ಮಣ್ಣು ಉದುರಿತು. ಎದ್ದು ನಿಂತು ನನ್ನ ಮುಖ ನೋಡಿದರು.

"ಯಾಕ ಹಂಗ ಬಿಟ್ಟೀ ಇದನ್ನ?"

ನಾನು ದೀಪದ ಗೂಡಿನ ಕಡೆ ನೋಡಿದೆ.

"ಈ ಗ್ವಾಡಿ ಬೀಳಬಾರ್ದು ಅಂತ ಅವ್ರು ಮನಿ ಬಿಟ್ರು. ನೀ ಗೂಡು ನೋಡ್ಕೊಂತ ಗ್ವಾಡಿ ಬೀಳಿಸಿದ್ರ ಅವ್ರು ಬಿಟ್ಟದ್ದು ಯಾತಕ್ಕ ಬಂತು? ಮಳಿ ಬರೋದ್ರೊಳಗ ಮುಚ್ಚಿಸು."

ಮರುವಾರ ಗೌಂಡಿ ಬಂದ. ಗೂಡಿನ ಮುಂದೆ ನಿಂತು, "ಇದನ್ನ ಹಿಂಗ ಬಿಡ್ಲೇನ್ರಿ ಅಕ್ಕಾರ? ನೀರು ಇಲ್ಲಿಂದನ ಒಳಗ ಹೋಗ್ತೈತಿ" ಎಂದ. ಮುಚ್ಚು ಎಂದೆ. ಬ್ರಷ್ಷು ಸಾಬೂನನ್ನು ಆ ಡ್ರೈವರನ್ನು ಕರೆದು ಕೊಟ್ಟ. ಗೂಡಿಗೆ ಇಟ್ಟಿಗೆ ತುಂಬಿ, ಮಸಿಯ ಮೇಲೆ, ಮೊಳೆಗಳ ಮೇಲೆ, ಕೊಯ್ದ ತೊಲೆಯ ತುದಿಯ ಮೇಲೆ ಸಿಮೆಂಟು ಎಳೆದ. ಸಂಜೆಗೆ ಅದು ಈ ರಸ್ತೆಯ ಎಲ್ಲ ಗೋಡೆಗಳ ಹಾಗೆ ಕಂಡಿತು.

ಮೊನ್ನೆ ಮೊದಲ ದೊಡ್ಡ ಮಳೆ ಆಯಿತು. ಬೆಳಿಗ್ಗೆ ಎದ್ದವಳೇ ಒಳಗಿನಿಂದ ಆ ಗೋಡೆಗೆ, ಮೇಲಿನಿಂದ ಬುಡದ ತನಕ, ಅಂಗೈ ಇಟ್ಟು ನೋಡಿದೆ. ಎಲ್ಲೂ ಹಸಿಯಿರಲಿಲ್ಲ. ಹೊಲಿಗೆ ಯಂತ್ರವನ್ನು ಎಳೆದು ಮತ್ತೆ ತೊಲೆಯ ಕೆಳಗೆ ಹಾಕಿಕೊಂಡೆ.